ಎರಚಿದ ಬೀಜ, ಎರಚಿದ ಮಾತು: ‘ಬ್ರಾಡ್‌ಕಾಸ್ಟ್’ ಕ್ರಿಯಾಪದದ ವಾಚ್ಯ ಮತ್ತು ಲಕ್ಷ್ಯ



ಪದವೊಂದಕ್ಕೆ ಎರಡು ಅರ್ಥಗಳಿದ್ದರೆ ಒಂದನ್ನು ವಾಚ್ಯವೆಂದೂ ಇನ್ನೊಂದನ್ನು ಲಕ್ಷ್ಯವೆಂದೂ ಹೆಸರಿಸಿ ಮುಂದಕ್ಕೆ ಹೋಗುವುದು ನಮ್ಮ ಭಾಷಾಪಾಠಗಳ ವಾಡಿಕೆ. ವಾಚ್ಯಾರ್ಥವೇ ಪದದ ನಿಜವಾದ ಅರ್ಥ, ಲಕ್ಷ್ಯಾರ್ಥ ಮಾತಿನ ಮೆರುಗಿಗಾಗಿ ಆಮೇಲೆ ಸೇರಿದ್ದು ಎಂಬ ನಂಬಿಕೆ ಈ ವಾಡಿಕೆಯ ಹಿಂದಿದೆ. ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದವನ್ನು ಹಿಡಿದು ಈ ನಂಬಿಕೆಯನ್ನು ಪರೀಕ್ಷಿಸುವುದು ಇಂದಿನ ಉಪನ್ಯಾಸದ ಉದ್ದೇಶ. ಆ ಕ್ರಿಯಾಪದ ‘ಬ್ರಾಡ್‌ಕಾಸ್ಟ್’. ಇಂದು ಇದನ್ನು ಕೇಳಿದೊಡನೆ ರೇಡಿಯೊ, ಟಿ.ವಿ. ನೆನಪಾಗುತ್ತವೆ, ಆದರೆ ಅದು ಹುಟ್ಟಿದ್ದು ಉತ್ತ ಹೊಲದಲ್ಲಿ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಲಕ್ಷ್ಯಾರ್ಥವೆಂಬುದು ಮೂಲದ ಕ್ರಿಯೆಯಲ್ಲಿರುವ ಹಲವು ಅಂಶಗಳಲ್ಲಿ ಕೆಲವನ್ನು ಎತ್ತಿಕೊಂಡು ಉಳಿದವನ್ನು ಬಿಡುವ ಒಂದು ಆಯ್ಕೆ. ಎತ್ತಿಕೊಂಡ ಅಂಶವು ಬಳಕೆಯಲ್ಲಿ ಬಲಿತು ತಾನೇ ವಾಚ್ಯವಾಗಿ ನಿಲ್ಲಬಲ್ಲದು. ಬಿಟ್ಟ ಅಂಶಗಳು ಹಾಗೆಂದು ಅಳಿದುಹೋಗುವುದಿಲ್ಲ. ಆ ಪದ ಹೆಸರಿಸುವ ವಸ್ತುವಿನ ಬಗ್ಗೆ ವಿವಾದವೆದ್ದಾಗಲೆಲ್ಲ ಅವು ಮರಳಿ ಬಂದು ತಮ್ಮ ಪಾಲು ಕೇಳುತ್ತವೆ. ಆದ್ದರಿಂದ ಒಂದು ಲಕ್ಷ್ಯಾರ್ಥವನ್ನು ಅರಿಯಬೇಕಾದರೆ ಅದು ಏನನ್ನು ಹೇಳುತ್ತದೆ ಎಂಬುದರ ಜೊತೆಗೆ ಏನನ್ನು ಕೈಬಿಟ್ಟಿದೆ ಎಂಬುದನ್ನೂ ಕೇಳಬೇಕು.

ಮೊದಲು ಹೊಲದ ಅರ್ಥವನ್ನು ನೋಡೋಣ. ‘ಬ್ರಾಡ್’ ಎಂದರೆ ಅಗಲ. ‘ಕಾಸ್ಟ್’ ಎಂದರೆ ಎಸೆದದ್ದು. ಈ ಎರಡನೆಯ ಪದ ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದು ಕೆಲವು ಶತಮಾನ ‘ಎಸೆ’ ಎಂಬುದಕ್ಕೆ ದಿನಬಳಕೆಯ ಮಾತಾಗಿತ್ತು. ಮುಂದೆ ‘ಥ್ರೋ’ ಎಂಬ ಪದ ಆ ಜಾಗವನ್ನು ಹಿಡಿದಾಗ ‘ಕಾಸ್ಟ್’ ಬಲೆ ಬೀಸುವುದು, ಮತ ಹಾಕುವುದು, ಲೋಹ ಎರಕ ಹೊಯ್ಯುವುದು ಮುಂತಾದ ಕೆಲವೇ ಬಳಕೆಗಳಿಗೆ ಸೀಮಿತವಾಯಿತು. ಎರಡೂ ಸೇರಿದ ‘ಬ್ರಾಡ್‌ಕಾಸ್ಟ್’ ನಮ್ಮ ರೈತರು ಎರಚು ಬಿತ್ತನೆ, ಚೆಲ್ಲು ಬಿತ್ತನೆ ಎನ್ನುವ ಕೆಲಸಕ್ಕೆ ಇಂಗ್ಲಿಷಿನ ಹೆಸರು. ಬಿತ್ತುವವನು ಬುಟ್ಟಿಯನ್ನು ಸೊಂಟಕ್ಕೋ ಹೆಗಲಿಗೋ ಕಟ್ಟಿಕೊಂಡು, ಹೆಜ್ಜೆಯ ಲಯಕ್ಕೆ ತಕ್ಕಂತೆ ಹಿಡಿಹಿಡಿ ಬೀಜವನ್ನು ಅರ್ಧವೃತ್ತವಾಗಿ ಬೀಸಿ ಎರಚುತ್ತಾನೆ. ಹಿಂದೆಯೇ ಹಲುಬೆ ಹೊಡೆದು ಬೀಜವನ್ನು ಮಣ್ಣಿನಲ್ಲಿ ಮುಚ್ಚುತ್ತಾರೆ. ಈ ಚಿಕ್ಕ ಕೆಲಸದಲ್ಲಿ ಕನಿಷ್ಠ ಐದು ಅಂಶಗಳಿವೆ. ಎಸೆಯುವ ಕೈಯೊಂದಿದೆ. ಎಸೆಯಲು ಬೀಜವಿದೆ. ಬೀಳುವ ನೆಲವಿದೆ, ಆ ನೆಲಕ್ಕೆ ಒಡೆಯನೊಬ್ಬನಿದ್ದಾನೆ. ಯಾವ ಕಾಳು ಎಲ್ಲಿ ಬಿತ್ತು ಎಂದು ಎಸೆದವನಿಗೂ ತಿಳಿಯದ ಅನಿಶ್ಚಯವಿದೆ. ಕೊನೆಗೆ, ಇಷ್ಟೆಲ್ಲ ನಡೆಯುವುದು ಯಾವುದಕ್ಕಾಗಿಯೋ ಆ ಫಸಲಿನ ನಿರೀಕ್ಷೆಯಿದೆ. ಮುಂದಿನ ಇತಿಹಾಸದಲ್ಲಿ ಈ ಐದರಲ್ಲಿ ಯಾವುದು ಮೇಲೆ ಬರುತ್ತದೆ, ಯಾವುದು ಮರೆಯಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಕೈಯಿಂದ ಎರಚುವುದು ಯುರೋಪಿನಲ್ಲಿ ಸಾವಿರಾರು ವರ್ಷಗಳ ಪದ್ಧತಿಯಾದರೂ ಅದಕ್ಕೆ ‘ಬ್ರಾಡ್‌ಕಾಸ್ಟ್’ ಎಂಬ ಪ್ರತ್ಯೇಕ ಹೆಸರು ರೂಢಿಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಬಿತ್ತುವವನ ಸಾಮತಿಯಿದೆ, ಆದರೆ ಈ ಪದವಿಲ್ಲ. ‘ಸೋ’ ಎಂಬ ಸರಳ ಕ್ರಿಯಾಪದವೇ ಅಲ್ಲಿ ಸಾಕಾಗಿದೆ. ಬಿತ್ತನೆಗೆ ಇದ್ದದ್ದು ಒಂದೇ ದಾರಿಯಾಗಿದ್ದಾಗ ಆ ದಾರಿಗೆ ಬೇರೆ ಹೆಸರು ಬೇಕಿರಲಿಲ್ಲ. ಬೇಕಾದದ್ದು ಎರಡನೆಯ ದಾರಿಯೊಂದು ಎದುರು ನಿಂತಾಗ. ಬರ್ಕ್‌ಷೈರಿನ ಜೆಥ್ರೊ ಟಲ್ 1701ರ ಸುಮಾರಿಗೆ ಸಾಲಿನಲ್ಲಿ ಬೀಜ ಬಿಡುವ ಯಂತ್ರವೊಂದನ್ನು ರೂಪಿಸಿದ; 1733ರ ತನ್ನ ಗ್ರಂಥದಲ್ಲಿ ಸಾಲು ಬಿತ್ತನೆಯ ಪರವಾಗಿ ವಾದಿಸಿದ. ಎರಚಿದರೆ ಬೀಜ ಪೋಲು, ಕಳೆ ತೆಗೆಯಲು ಸಾಲಿಲ್ಲ, ಒಂದೆಡೆ ದಟ್ಟ ಇನ್ನೊಂದೆಡೆ ಬರಿದು ಎಂಬುದು ಆ ವಾದದ ಸಾರ. ಹಲವು ದಶಕಗಳ ಮೇಲೂ ಇತ್ಯರ್ಥವಾಗದ ಈ ಚರ್ಚೆಯಲ್ಲಿ ಕೃಷಿ ಬರಹಗಾರ ಆರ್ಥರ್ ಯಂಗ್ ಎರಡೂ ಪದ್ಧತಿಗಳನ್ನು ಹೊಲದಲ್ಲೇ ಹೋಲಿಸಿ ನೋಡಿ 1770ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ‘ಬ್ರಾಡ್‌ಕಾಸ್ಟ್’ ಬೇಸಾಯದ ಬರಹಗಳಲ್ಲಿ ಬೇರೂರಿದ್ದು ಈ ವಾಗ್ವಾದದ ಕಾಲದಲ್ಲೇ. ಅಂದರೆ ನಾವು ಸ್ವಯಂಸಿದ್ಧವೆಂದು ತಿಳಿಯುವ ವಾಚ್ಯಾರ್ಥವೂ ಒಂದು ವಿರೋಧದಿಂದ ಹುಟ್ಟಿದ್ದು. ಹುಟ್ಟುವಾಗಲೇ ಅದಕ್ಕೆ ಆರೋಪಿಯ ಸ್ಥಾನ. ಸಾಲು ಎಂದರೆ ಲೆಕ್ಕ, ಎರಚುವುದೆಂದರೆ ಲೆಕ್ಕವಿಲ್ಲದ್ದು.

ಈ ವಿರೋಧ ಎಷ್ಟರಮಟ್ಟಿಗೆ ಇಂಗ್ಲೆಂಡಿನ ಸ್ವಂತ ಅನುಭವದ್ದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷ್ಯವಿದೆ. ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ 1790ರ ದಶಕದಲ್ಲಿ ಇಲ್ಲಿಯ ಬಿತ್ತನೆಯನ್ನು ವರ್ಣಿಸಿ ತನ್ನ ದೇಶಕ್ಕೆ ಬರೆದ. ಸಾಲಿನಲ್ಲಿ ಬಿತ್ತುವ ಸಾಧನ ಇತ್ತೀಚಿನ ಯುರೋಪಿನ ಶೋಧವೆಂದು ತಿಳಿದಿದ್ದವನು ಇಲ್ಲಿಯ ರೈತರ ಕೈಯಲ್ಲಿ ಅದನ್ನು ಕಂಡು ಬೆರಗಾದನು. ಆ ಬರಹವನ್ನು ಇತಿಹಾಸಕಾರ ಧರ್ಮಪಾಲರು 1971ರಲ್ಲಿ ಮತ್ತೆ ಬೆಳಕಿಗೆ ತಂದರು. 1800ರಲ್ಲಿ ಮೈಸೂರು ಸೀಮೆಯ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಸಂಪುಟಗಳಲ್ಲಿ ನಮ್ಮ ಕೂರಿಗೆಯನ್ನು ಹೆಸರು ಹಿಡಿದೇ ವಿವರಿಸಿದ್ದಾನೆ. ರಾಗಿಗೆ ಕೂರಿಗೆ, ಗದ್ದೆಯ ಭತ್ತಕ್ಕೆ ಒಣಬೀಜ ಎರಚುವುದೋ ಮೊಳಕೆ ಎರಚುವುದೋ ನಾಟಿಯೋ ಎಂಬ ತೀರ್ಮಾನ ಇಲ್ಲಿ ನೆಲ, ನೀರು, ಬೆಳೆಗಳಿಗೆ ಬಿಟ್ಟ ವಿಷಯವಾಗಿತ್ತು. ಎರಚುವುದು ಹಳತು, ಸಾಲು ಹೊಸತು ಎಂಬ ಜಗಳಕ್ಕೆ ಇಲ್ಲಿ ಎಡೆಯಿರಲಿಲ್ಲ. ಒಂದೇ ಕೆಲಸಕ್ಕೆ ಒಂದು ಸಮಾಜದಲ್ಲಿ ಅಂಟಿಕೊಂಡ ಆರೋಪ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ವಾಚ್ಯಾರ್ಥವೂ ಕೇವಲ ವಸ್ತುವಿನ ಚಿತ್ರವಲ್ಲದೆ ಒಂದು ಸಮಾಜ ಆ ವಸ್ತುವಿನೊಡನೆ ಇಟ್ಟುಕೊಂಡ ಸಂಬಂಧದ ದಾಖಲೆಯೂ ಆಗಿರುತ್ತದೆ ಎಂಬುದಕ್ಕೆ ಈ ಹೋಲಿಕೆ ಆಧಾರ.

ಹದಿನೆಂಟನೆಯ ಶತಮಾನ ಮುಗಿಯುವ ಮೊದಲೇ ಪದ ಹೊಲದಿಂದ ಹೊರಗೆ ಕಾಲಿಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ಕರಪತ್ರಗಳು, ವದಂತಿಗಳು, ಅಪವಾದಗಳು, ದಾನಧರ್ಮಗಳು ದೇಶದ ತುಂಬ ‘ಬ್ರಾಡ್‌ಕಾಸ್ಟ್’ ಆಗಿ ಚೆಲ್ಲುತ್ತವೆ. ಆ ಹೊತ್ತಿಗೆ ಈ ಪದ ಹೆಚ್ಚಾಗಿ ಕ್ರಿಯಾವಿಶೇಷಣ. ಪೂರ್ಣ ಕ್ರಿಯಾಪದವಾದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಯಾವ ಕೆಲಸ ಎಂಬುದಕ್ಕಿಂತ ಯಾವ ರೀತಿ ಎಂಬುದನ್ನು ಹೇಳುವುದು ಅದರ ಮೂಲ ಕಾರ್ಯ ಎಂಬುದನ್ನು ಇದು ತೋರಿಸುತ್ತದೆ. ಲಕ್ಷ್ಯಾರ್ಥವೂ ಅದನ್ನೇ ಎತ್ತಿಕೊಂಡಿತು: ಎಸೆಯುವ ರೀತಿ, ಹರಡುವ ವಿಸ್ತಾರ, ಬೀಳುವ ಜಾಗದ ಅನಿಶ್ಚಯ. ಫಸಲು ಹಿಂದುಳಿಯಿತು. ಫಸಲಿಗೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದವೇ ಇದೆ. ‘ಸೋ’ ಎಂಬ ಬಿತ್ತನೆಯ ಮಾತು ಲಕ್ಷ್ಯಕ್ಕೆ ಹೋದಾಗ ಪರಿಣಾಮದ ಕಡೆಗೆ ಕೈತೋರುತ್ತದೆ. ಬಿತ್ತಿದವನು ಕೊಯ್ಯಲೇಬೇಕೆಂಬ ನೈತಿಕ ಭಾರ ಬೈಬಲಿನಿಂದ ಅದಕ್ಕೆ ಬಂದಿದೆ. ನಮ್ಮ ‘ಬಿತ್ತು’ ಸಹ ಹಾಗೆಯೇ: ದ್ವೇಷ ಬಿತ್ತಿದವನು ಅದರ ಬೆಳೆಯನ್ನೂ ಉಣ್ಣಬೇಕು ಎಂಬ ಎಚ್ಚರಿಕೆ ಆ ಮಾತಿನೊಳಗೇ ಇದೆ. ಒಂದೇ ಹೊಲದ ಒಂದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದ. ಒಂದರ ಲಕ್ಷ್ಯ ಕೊಯ್ಲಿನ ಕಡೆಗೆ ಹೋಯಿತು, ಇನ್ನೊಂದರದ್ದು ಕೈಬೀಸಿನ ಕಡೆಗೆ. ಲಕ್ಷ್ಯಾರ್ಥ ಮೂಲದ ಯಾಂತ್ರಿಕ ಮುಂದುವರಿಕೆಯಾಗಿದ್ದರೆ ಈ ಕವಲು ಒಡೆಯುತ್ತಿರಲಿಲ್ಲ. ಆಯ್ಕೆ ಎಂಬ ನನ್ನ ಮಾತಿಗೆ ಇದು ಮೊದಲ ಪುರಾವೆ.

ಲಕ್ಷ್ಯಾರ್ಥ ಹೊಮ್ಮುವ ಕ್ರಿಯೆಯಾದ ಲಕ್ಷಣೆಯ ಬಗೆಗೆ ಅತ್ಯಂತ ಸೂಕ್ಷ್ಮವಾದ ಚರ್ಚೆ ನಡೆದದ್ದು ಸಂಸ್ಕೃತ ಕಾವ್ಯಶಾಸ್ತ್ರದಲ್ಲಿ. ಈ ಇಂಗ್ಲಿಷ್ ಪದಕ್ಕೂ ಆ ಅಳತೆಗೋಲು ಒಗ್ಗುತ್ತದೆ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣೆಗೆ ಮೂರು ನಿಬಂಧನೆ ಹಾಕುತ್ತಾನೆ. ಮುಖ್ಯಾರ್ಥ, ಅಂದರೆ ವಾಚ್ಯಾರ್ಥ, ಹೊಂದದೆ ಹೋಗಬೇಕು. ಹೊಸ ಅರ್ಥಕ್ಕೆ ಅದರೊಡನೆ ಸಂಬಂಧವಿರಬೇಕು. ಅದಕ್ಕೆ ರೂಢಿಯೋ ಪ್ರಯೋಜನವೋ ಕಾರಣವಾಗಿರಬೇಕು. ರೂಢಿಗೆ ಅವನು ಕೊಡುವ ಉದಾಹರಣೆ ‘ಕುಶಲ’. ಕುಶ ಎಂಬ ದರ್ಭೆಯನ್ನು ಕೈಕೊಯ್ದುಕೊಳ್ಳದೆ ಕೀಳಬಲ್ಲವನು ಎಂಬ ಅರ್ಥದಿಂದ ನಿಪುಣ ಎಂಬ ಅರ್ಥ ಬಂದದ್ದು ರೂಢಿಯ ಲಕ್ಷಣೆ ಎನ್ನುತ್ತಾನೆ. ‘ಸಾಹಿತ್ಯದರ್ಪಣ’ದ ವಿಶ್ವನಾಥ ಇದನ್ನು ಒಪ್ಪುವುದಿಲ್ಲ. ಪದ ಹುಟ್ಟಿದ ಬಗೆ ಬೇರೆ, ಅದು ಬಳಕೆಯಲ್ಲಿ ನಿಲ್ಲುವುದಕ್ಕೆ ಕಾರಣ ಬೇರೆ. ವ್ಯುತ್ಪತ್ತಿಯನ್ನೇ ಮುಖ್ಯಾರ್ಥವೆಂದು ಹಿಡಿದರೆ, ‘ಹೋಗು’ ಎಂಬ ಧಾತುವಿನಿಂದ ಬಂದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಬಳಸುವುದೂ ಲಕ್ಷಣೆಯಾಗಬೇಕಾದೀತು ಎಂಬುದು ಅವನ ಆಕ್ಷೇಪ. ಈ ಆಕ್ಷೇಪ ನಮ್ಮ ಚರ್ಚೆಗೆ ದಾರಿ ತೋರುತ್ತದೆ. ವಾಚ್ಯ, ಲಕ್ಷ್ಯಗಳನ್ನು ನಿರ್ಣಯಿಸುವುದು ಪದದ ಜನ್ಮಪತ್ರಿಕೆಯಲ್ಲ, ಒಂದು ಕಾಲದ ಒಂದು ಜನವರ್ಗದ ಬಳಕೆ. ಇಂದಿನ ಲಂಡನ್ನಿನ ಕೇಳುಗನಿಗೆ ಸುದ್ದಿಯ ಪ್ರಸಾರವೇ ‘ಬ್ರಾಡ್‌ಕಾಸ್ಟ್’ನ ವಾಚ್ಯಾರ್ಥ, ಗೊಬ್ಬರವನ್ನು ‘ಬ್ರಾಡ್‌ಕಾಸ್ಟ್’ ಮಾಡಿ ಎಂದರೆ ಅವನಿಗೆ ತಮಾಷೆಯಾಗಿ ಕೇಳಬಹುದು. ಕೃಷಿವಿಜ್ಞಾನದ ಪಠ್ಯದಲ್ಲಿ ಇದೇ ಕ್ರಮ ತಿರುಗುಮುರುಗು.

ಇನ್ನು ತಂತಿಯಿಲ್ಲದ ತಂತಿಯ ಕಾಲಕ್ಕೆ ಬರೋಣ. ಮಾರ್ಕೋನಿ 1890ರ ದಶಕದ ಕೊನೆಯಲ್ಲಿ ಬೆಳೆಸಿದ ತಂತ್ರ ಟೆಲಿಗ್ರಾಫಿನ ಉತ್ತರಾಧಿಕಾರಿಯೆಂದು ಎಲ್ಲರೂ ಎಣಿಸಿದ್ದರು: ಒಬ್ಬ ಕಳುಹಿಸಬೇಕು, ಒಬ್ಬನೇ ಪಡೆಯಬೇಕು. ಅಲೆಗಳು ಎಲ್ಲ ದಿಕ್ಕಿಗೂ ಹರಡುವುದು ಆ ಎಣಿಕೆಗೆ ದೊಡ್ಡ ದೋಷ. 1898ರಲ್ಲಿ ಲಂಡನ್ನಿನ ‘ದಿ ಎಲೆಕ್ಟ್ರಿಷಿಯನ್’ ಪತ್ರಿಕೆ, ಭೌತವಿಜ್ಞಾನಿ ಆಲಿವರ್ ಲಾಡ್ಜ್ ಹೇಳಿದ ಮಾತನ್ನು ನೆನೆಯುತ್ತ, ಸಂದೇಶವನ್ನು ಕೂಗಿ ಎಲ್ಲ ಕಡೆಗೂ ‘ಬ್ರಾಡ್‌ಕಾಸ್ಟ್’ ಆಗಿ ಹರಡುವುದು ಲಾಭವಾಗುವ ವಿರಳ ಸಂದರ್ಭಗಳೂ ಇರಬಹುದು ಎಂದು ಬರೆಯಿತು. ವಿರಳ ಎಂಬ ಆ ಷರತ್ತೇ ಕಾಲದ ಮನಸ್ಸನ್ನು ಹೇಳುತ್ತದೆ. 1903ರ ಜೂನಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆಂಬ್ರೋಸ್ ಫ್ಲೆಮಿಂಗ್ ಮಾರ್ಕೋನಿಯ ವ್ಯವಸ್ಥೆಯನ್ನು ಪ್ರದರ್ಶಿಸಲು ಸಿದ್ಧರಾಗಿದ್ದಾಗ, ಐಂದ್ರಜಾಲಿಕ ನೆವಿಲ್ ಮ್ಯಾಸ್ಕೆಲಿನ್ ತನ್ನದೇ ಯಂತ್ರದಿಂದ ಅಣಕದ ಸಂದೇಶಗಳನ್ನು ನುಗ್ಗಿಸಿ, ನಿಮ್ಮ ಗುಟ್ಟು ಗುಟ್ಟಲ್ಲ ಎಂದು ಸಭೆಯ ಮುಂದೆಯೇ ತೋರಿಸಿಕೊಟ್ಟ. ಟಲ್ ಎರಚು ಬಿತ್ತನೆಯ ಮೇಲೆ ಹೊರಿಸಿದ್ದ ಆರೋಪವೇ ಇದು. ಯಾರಿಗೆ ಸೇರಬೇಕೋ ಅಲ್ಲಿಗಷ್ಟೇ ಹೋಗದೆ ಎಲ್ಲೆಂದರಲ್ಲಿ ಬೀಳುತ್ತದೆ ಎಂಬ ದೂರು ಹೊಲದಿಂದ ಪ್ರಯೋಗಶಾಲೆಗೆ ಬಂದಿತ್ತು. ಎರಡು ದಶಕಗಳ ಕಾಲ ಶ್ರುತಿಗೂಡಿಸುವ ಸಾಧನಗಳಿಗಾಗಿ ನಡೆದ ಸಂಶೋಧನೆಯ ಒಂದು ಮುಖ್ಯ ಗುರಿ ಅಲೆಗಳನ್ನು ಸಾಲಿಗೆ ಹಚ್ಚುವುದೇ ಆಗಿತ್ತು.

ದೋಷ ಗುಣವಾದದ್ದು 1920ರ ಆಸುಪಾಸಿನಲ್ಲಿ. ಆ ವರ್ಷದ ನವೆಂಬರ್ 2ರಂದು ಪಿಟ್ಸ್‌ಬರ್ಗಿನ ಕೆ.ಡಿ.ಕೆ.ಎ. ಕೇಂದ್ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು, ಕೇಳುವವರು ಯಾರೆಂದು ತಿಳಿಯದೆಯೇ, ಕೇಳಿಸಿತು. 1922ರ ಅಕ್ಟೋಬರ್ 18ರಂದು ಬ್ರಿಟನ್ನಿನ ರೇಡಿಯೊ ತಯಾರಕರು ಸೇರಿ ಸ್ಥಾಪಿಸಿದ ಕಂಪನಿ ಈ ಕ್ರಿಯಾಪದವನ್ನೇ ಹೆಸರಿನಲ್ಲಿಟ್ಟುಕೊಂಡಿತು: ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ. ನವೆಂಬರ್ 14ಕ್ಕೆ ಪ್ರಸಾರ ಆರಂಭವಾಯಿತು. 1927ರ ಜನವರಿ 1ರಿಂದ ಅದು ರಾಜಸನ್ನದಿನ ಕಾರ್ಪೊರೇಷನ್ ಆಯಿತು. ಇಲ್ಲಿ ಬಿಟ್ಟುಹೋದ ಮೊದಲ ಅಂಶ ತಲೆಯೆತ್ತುತ್ತದೆ. ಯಾರ ಹೊಲದಲ್ಲಾದರೂ ಬೀಳುವ ಬೀಜಕ್ಕೆ ಬೆಲೆ ಕೊಡುವವರು ಯಾರು? ಹೊಲದ ಎರಚುವಿಕೆಯಲ್ಲಿ ಬೀಜ, ನೆಲ, ಫಸಲು ಒಂದೇ ಲೆಕ್ಕದಲ್ಲಿ ಕೂಡಿದ್ದವು. ಲಕ್ಷ್ಯಾರ್ಥ ಆ ಲೆಕ್ಕವನ್ನು ಕಳಚಿಹಾಕಿತ್ತು. ಬ್ರಿಟನ್ ಕೇಳುಗರ ಮೇಲೆ ವರ್ಷಕ್ಕೆ ಹತ್ತು ಷಿಲಿಂಗ್ ಪರವಾನಗಿ ಶುಲ್ಕ ಹಾಕಿತು. ಅಮೆರಿಕದ ಟೆಲಿಫೋನ್ ಕಂಪನಿ ಎ.ಟಿ. ಅಂಡ್ ಟಿ. ತನ್ನ ನ್ಯೂಯಾರ್ಕಿನ ವೀಫ್ ಕೇಂದ್ರವನ್ನು ಸಾರ್ವಜನಿಕ ಫೋನ್ ಬೂತಿನ ಮಾದರಿಯಲ್ಲಿ ಕಲ್ಪಿಸಿ, ಮಾತನಾಡಲು ಬಂದವರಿಂದ ಸಮಯಕ್ಕೆ ತಕ್ಕ ಹಣ ಪಡೆಯಿತು. 1922ರ ಆಗಸ್ಟ್ 28ರಂದು ವಸತಿ ಸಂಕೀರ್ಣ ಮಾರುವ ಸಂಸ್ಥೆಯೊಂದು ಅಲ್ಲಿ ಮಾತನಾಡಿದ್ದು ರೇಡಿಯೊ ಜಾಹೀರಾತಿನ ಆರಂಭವೆಂದು ಪ್ರಸಿದ್ಧ. ಕ್ರಿಯಾಪದ ಒಂದೇ, ಅದು ಬಿಟ್ಟಿದ್ದ ಜಾಗವನ್ನು ಎರಡು ದೇಶಗಳು ಎರಡು ಬಗೆಯಲ್ಲಿ ತುಂಬಿಕೊಂಡವು.

ಫಸಲಿನ ಅಂಶ ಮರಳಿ ಬಂದ ಬಗೆ ಇನ್ನೂ ಸ್ಪಷ್ಟ. ಬಿ.ಬಿ.ಸಿ.ಯ ಮೊದಲ ಮುಖ್ಯಸ್ಥ ಜಾನ್ ರೀತ್ 1924ರಲ್ಲಿ ಬರೆದ ಪುಸ್ತಕದ ಹೆಸರು ‘ಬ್ರಾಡ್‌ಕಾಸ್ಟ್ ಓವರ್ ಬ್ರಿಟನ್’. ಇಡೀ ದ್ವೀಪವನ್ನು ಒಂದು ಹೊಲವಾಗಿ ಕಾಣುವ ಶೀರ್ಷಿಕೆ ಅದು. 1932ರಲ್ಲಿ ತೆರೆದ ಸಂಸ್ಥೆಯ ಕೇಂದ್ರ ಕಟ್ಟಡ ಬ್ರಾಡ್‌ಕಾಸ್ಟಿಂಗ್ ಹೌಸಿನ ಪ್ರವೇಶಾಂಗಣದಲ್ಲಿ ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಬಿತ್ತುವವನ ಪ್ರತಿಮೆ ನಿಂತಿದೆ. ಅಲ್ಲಿಯೇ ಇರುವ ಲ್ಯಾಟಿನ್ ಶಾಸನ, ಬಿತ್ತಿದ ಒಳ್ಳೆಯ ಬೀಜ ಒಳ್ಳೆಯ ಫಸಲನ್ನು ಕೊಡಲಿ ಎಂದು ದೇವರನ್ನು ಪ್ರಾರ್ಥಿಸುತ್ತದೆ. ಸಂಸ್ಥೆಯ ಹೆಸರಿನಲ್ಲಿದ್ದ ಕ್ರಿಯಾಪದ ಫಸಲಿನ ಮಾತನ್ನು ಆಡುತ್ತಿರಲಿಲ್ಲ. ಎಸೆದರೆ ಅದರ ಕೆಲಸ ಮುಗಿಯುತ್ತಿತ್ತು. ಆದರೆ ಜನರಿಂದ ಶುಲ್ಕ ಪಡೆದು ಅವರಿಗೆ ತಿಳಿವಳಿಕೆ, ಶಿಕ್ಷಣ, ಮನರಂಜನೆ ಕೊಡುತ್ತೇವೆಂದು ಹೊರಟ ಸಂಸ್ಥೆಗೆ ಎಸೆದರಷ್ಟೇ ಸಾಲದು, ಬೆಳೆ ಬರುತ್ತದೆಂದೂ ಹೇಳಬೇಕಿತ್ತು. ಆಗ ಅದು ಲಕ್ಷ್ಯಾರ್ಥವನ್ನು ಬಿಚ್ಚಿ, ಹಳೆಯ ವಾಚ್ಯಾರ್ಥದಲ್ಲಿ ಉಳಿದಿದ್ದ ಫಸಲನ್ನು ಹೊರತೆಗೆದು, ಕಲ್ಲಿನಲ್ಲಿ ಕೆತ್ತಿಸಿತು. ಜೊತೆಗೆ ನೆಲದ ಅಂಶವೂ ಬಂತು. ಬಿತ್ತುವವನು ನಿಂತಿದ್ದಾನೆಂದರೆ ಕೇಳುಗ ಮಣ್ಣಿನ ಸ್ಥಾನದಲ್ಲಿದ್ದಾನೆ ಎಂದಾಯಿತು. ಒಳ್ಳೆಯದೇನು ಎಂಬುದನ್ನು ಕೈ ನಿರ್ಧರಿಸುತ್ತದೆ, ಮಣ್ಣು ಪಡೆಯುತ್ತದೆ. ರೀತ್‌ರ ಕಾಲದ ಪ್ರಸಾರನೀತಿಯ ಗುರುಭಾವ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಪ್ರಸಾರದ ಸ್ವರೂಪವನ್ನು ನಿರ್ಧರಿಸಿದ್ದು ತಂತ್ರ ಮತ್ತು ಹಣ. ಪದಕ್ಕೆ ಇಷ್ಟು ಹೊಣೆ ಹೊರಿಸುವುದು ಅತಿಯಲ್ಲವೇ? ಜರ್ಮನರು ಇದಕ್ಕೆ ‘ರುಂಡ್‌ಫುಂಕ್’ ಎಂದರು. ಸುತ್ತಲೂ ಹೊಮ್ಮುವ ಕಿಡಿ ಎಂಬುದು ಅದರ ಬಿಡಿ ಅರ್ಥ. ಫ್ರೆಂಚರ ‘ರೇಡಿಯೊಡಿಫ್ಯೂಷನ್’ನಲ್ಲಿ ಹರಡುವಿಕೆಯಿದೆ, ಬೀಜವಿಲ್ಲ. ಬಿತ್ತನೆಯ ರೂಪಕವಿಲ್ಲದ ಆ ದೇಶಗಳಲ್ಲೂ ಒಂದೆಡೆಯಿಂದ ಅನೇಕರಿಗೆ ಹರಿಯುವ ರೇಡಿಯೊವೇ ಬೆಳೆಯಿತು. ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ರೂಪಕ ಸಂಸ್ಥೆಯನ್ನು ಹುಟ್ಟಿಸುವುದಿಲ್ಲ. ‘ಬ್ರಾಡ್‌ಕಾಸ್ಟ್’ ಎಂಬ ಪದ ಇಲ್ಲದಿದ್ದರೂ ಇಂಗ್ಲೆಂಡಿಗೆ ರೇಡಿಯೊ ಬರುತ್ತಿತ್ತು. ಆದರೆ ಸಂಸ್ಥೆ ತನ್ನನ್ನು ಸಮರ್ಥಿಸಿಕೊಳ್ಳುವ ಭಾಷೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ತಂತ್ರ ಉತ್ತರ ಕೊಡುವುದಿಲ್ಲ. ಕಿಡಿಯ ರೂಪಕದಿಂದ ಫಸಲಿನ ಪ್ರಾರ್ಥನೆ ಹುಟ್ಟದು. ಬಿತ್ತುವವನ ಪ್ರತಿಮೆಗೆ ಅರ್ಥ ಬಂದದ್ದು ಆ ಕಟ್ಟಡದ ಹೆಸರಿನಲ್ಲಿ ಬಿತ್ತನೆಯ ಪದವಿದ್ದುದರಿಂದ. ಆದ್ದರಿಂದ ನನ್ನ ವಾದದ ಮಿತಿಯನ್ನು ಹೀಗೆ ಗುರುತಿಸುತ್ತೇನೆ: ಲಕ್ಷ್ಯಾರ್ಥ ವಸ್ತುವನ್ನು ನಿರ್ಮಿಸದು, ವಸ್ತುವಿನ ಬಗ್ಗೆ ಯಾವ ವಾದಗಳು ಸುಲಭವಾಗಿ ನಾಲಗೆಗೆ ಬರುತ್ತವೆ, ಯಾವ ವಾದಗಳಿಗೆ ಮಾತು ಹುಡುಕಬೇಕಾಗುತ್ತದೆ ಎಂಬುದನ್ನು ಅದು ಗೊತ್ತುಮಾಡುತ್ತದೆ. ನೆಲದ ಒಡೆತನ ಹಾಗೆ ಮಾತು ಹುಡುಕಬೇಕಾದ ಪ್ರಶ್ನೆ. ಅಲೆಗಳು ಹಾಯುವ ಆಕಾಶ ಯಾರದ್ದು ಎಂಬುದನ್ನು ಈ ಕ್ರಿಯಾಪದ ಕೇಳಿಸುವುದೇ ಇಲ್ಲ. ಭಾರತದಲ್ಲಿ ಪ್ರಸಾರ ಬಂದು ಎಷ್ಟೋ ದಶಕಗಳಾದ ಮೇಲೆ, 1995ರಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಹೇಳಬೇಕಾಯಿತು.

ಬಿಟ್ಟ ಅಂಶಗಳು ವ್ಯಾಕರಣದೊಳಗೂ ಕೆಲಸ ಮಾಡುತ್ತವೆ. ಹೊಲದಲ್ಲಿ ಬೀಜವನ್ನು ನೆಲದ ‘ಮೇಲೆ’ ಎರಚುತ್ತಾರೆ; ನೆಲ‘ಕ್ಕೆ’ ಎರಚಿ ತಿಳಿಸುವುದಿಲ್ಲ. ಇಂಗ್ಲಿಷಿನಲ್ಲಿಯೂ ಹೊಲದ ಅರ್ಥದೊಡನೆ ‘ಓವರ್’ ಎಂಬ ಪ್ರತ್ಯಯಪದವೇ ಸಹಜ. ರೀತ್‌ರ ಶೀರ್ಷಿಕೆಯಲ್ಲೂ ಅದೇ ಇದೆ. ರೇಡಿಯೊ ಬೆಳೆದಂತೆ ಇದೇ ಕ್ರಿಯಾಪದ ‘ಟು’ ಎಂಬುದನ್ನು ಕೂಡಿಸಿಕೊಂಡಿತು: ರಾಷ್ಟ್ರಕ್ಕೆ, ಪ್ರಜೆಗಳಿಗೆ, ಸಾಮ್ರಾಜ್ಯಕ್ಕೆ ಪ್ರಸಾರ. ಬೀಜವೆಂಬ ಕರ್ಮಪದವೂ ಬೇಕಿಲ್ಲದಾಯಿತು. ಪ್ರಧಾನಿ ಸುಮ್ಮನೆ ‘ಬ್ರಾಡ್‌ಕಾಸ್ಟ್’ ಮಾಡಿದರು ಎಂದರೂ ವಾಕ್ಯ ಪೂರ್ಣ. ಗುರಿಯಿಲ್ಲದ ಎಸೆತವೆಂದು ಹುಟ್ಟಿದ ಕ್ರಿಯಾಪದಕ್ಕೆ ಸಂಪ್ರದಾನ ಬಂತು, ಮಣ್ಣು ಕೇಳುಗನಾಯಿತು. ಈ ವ್ಯಾಕರಣ ಬದಲಾವಣೆಯ ಜೊತೆಯಲ್ಲೇ ಮಾತಿನ ಧಾಟಿಯೂ ಬದಲಾದುದನ್ನು ಗಮನಿಸಿ. 1932ರ ಕ್ರಿಸ್‌ಮಸ್ ದಿನ ಐದನೆಯ ಜಾರ್ಜ್, ಕಿಪ್ಲಿಂಗ್ ಬರೆದುಕೊಟ್ಟ ಮಾತುಗಳಲ್ಲಿ, ದೂರದ ಒಂಟಿ ಮನೆಗಳಲ್ಲಿದ್ದವರನ್ನೂ ಉದ್ದೇಶಿಸಿ ಮಾತನಾಡಿದ. 1933ರ ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಲೆಯ ಬಳಿ ಕುಳಿತ ಗೆಳೆಯನ ಧಾಟಿಯಲ್ಲಿ ಬ್ಯಾಂಕುಗಳ ಬಿಕ್ಕಟ್ಟನ್ನು ವಿವರಿಸಿದ. ಲಕ್ಷಾಂತರ ಜನಕ್ಕೆ ಒಮ್ಮೆಲೇ ಎರಚುವ ಯಂತ್ರದ ಮುಂದೆ ಕುಳಿತು ಒಬ್ಬನೊಡನೆ ಮಾತನಾಡುವಂತೆ ನಟಿಸಬೇಕಾಯಿತು. ಜರ್ಮನಿಯ ನಾಟಕಕಾರ ಬ್ರೆಕ್ಟ್ 1932ರಲ್ಲೇ ಈ ನಟನೆಯ ಆಚೆಗೆ ಹೋಗಿ, ಹಂಚುವ ಸಾಧನವಾಗಿರುವ ರೇಡಿಯೊವನ್ನು ಕೇಳುಗನೂ ಮಾತನಾಡಬಲ್ಲ ಸಂವಹನದ ಸಾಧನವಾಗಿಸಬೇಕೆಂದು ಒತ್ತಾಯಿಸಿದ. ಉತ್ತರ ಕೊಡಲಾರದ ಮಣ್ಣಿನ ಸ್ಥಾನದಲ್ಲಿ ಮನುಷ್ಯನನ್ನು ಕೂರಿಸಿದ್ದಕ್ಕೆ ಬಂದ ಪ್ರತಿಭಟನೆ ಇದು. ಬಿತ್ತನೆಯ ರೂಪಕವಿಲ್ಲದ ಭಾಷೆಯಿಂದಲೇ ಅದು ಅಷ್ಟು ನೇರವಾಗಿ ಬಂದದ್ದು ಕಾಕತಾಳೀಯವೂ ಇರಬಹುದು.

ಎರಡನೆಯ ಆಕ್ಷೇಪ ಭಾಷಾವಿಜ್ಞಾನದ ಕಡೆಯಿಂದ ಬರುತ್ತದೆ. ಇದು ಸತ್ತ ರೂಪಕ. ಇಂದು ಯಾರೂ ಬೀಜವನ್ನು ನೆನೆಯುವುದಿಲ್ಲ. ಸತ್ತದ್ದರ ಪ್ರಭಾವವನ್ನು ಅಳೆಯುವುದು ವ್ಯರ್ಥ. ಬೀಜ ನೆನಪಿನಲ್ಲಿಲ್ಲ ಎಂಬುದಕ್ಕೆ ಪದರೂಪವೇ ಸಾಕ್ಷಿಯೆಂದೂ ಅವರು ಹೇಳಬಹುದು. ‘ಕಾಸ್ಟ್’ಗೆ ಭೂತಕಾಲದಲ್ಲೂ ಅದೇ ರೂಪ, ಆದರೂ ಕೆಲವರು ‘ಬ್ರಾಡ್‌ಕಾಸ್ಟೆಡ್’ ಎನ್ನುತ್ತಾರೆ. ಒಳಗಿರುವ ‘ಎಸೆ’ ಕಾಣದವರಿಗೇ ಈ ರೂಪ ಸಲೀಸು. ‘ಟೆಲಿಕಾಸ್ಟ್’, ‘ವೆಬ್‌ಕಾಸ್ಟ್’ ಮುಂತಾದವುಗಳಲ್ಲಿ ‘ಕಾಸ್ಟ್’ ಕೇವಲ ಕಾರ್ಯಕ್ರಮ ಕಳುಹಿಸುವ ಪ್ರತ್ಯಯವಾಗಿದೆ. 2004ರಲ್ಲಿ ಪತ್ರಕರ್ತ ಬೆನ್ ಹ್ಯಾಮರ್ಸ್ಲಿ ಪತ್ರಿಕೆಯೊಂದರಲ್ಲಿ ಮುಂದಿಟ್ಟ ‘ಪಾಡ್‌ಕಾಸ್ಟಿಂಗ್’ನಲ್ಲಿ ಎಸೆತವೇ ಇಲ್ಲ, ಬೇಕಾದವನು ಬಂದು ಎತ್ತಿಕೊಳ್ಳುತ್ತಾನೆ. ಇವೆಲ್ಲ ನಿಜ. ಆದರೆ ‘ಸತ್ತ’ ಎಂಬ ಮಾತು ಸರಿಯಲ್ಲ. 1967ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲಿಕ್‌ಲೈಡರ್ ಸಣ್ಣ ಸಣ್ಣ ಆಸಕ್ತ ಗುಂಪುಗಳಿಗೆ ಬೇರೆ ಬೇರೆ ಕಾರ್ಯಕ್ರಮ ಕೊಡುವ ಟಿ.ವಿ.ಯನ್ನು ಕಲ್ಪಿಸಿದಾಗ ಅದಕ್ಕೆ ‘ನ್ಯಾರೊಕಾಸ್ಟಿಂಗ್’ ಎಂದ. ‘ಬ್ರಾಡ್’ನ ಅಗಲ ಯಾರ ಕಿವಿಗೂ ಕೇಳದಷ್ಟು ಸತ್ತಿದ್ದರೆ ಅದರ ಎದುರು ‘ನ್ಯಾರೊ’ ಎಂಬ ಕಿರಿದನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ಎರಡು ಶತಮಾನಗಳ ಹಿಂದಿನ ಎರಚುವಿಕೆ ಮತ್ತು ಸಾಲಿನ ವಿರೋಧವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ದಿನನಿತ್ಯದ ಮಾತಿನಲ್ಲಿ ಮೂಲದ ಅಂಶಗಳು ಮಲಗಿರುತ್ತವೆ. ಹೊಸ ಪದ ಕಟ್ಟಬೇಕಾದಾಗ, ಸಂಸ್ಥೆಯನ್ನು ಸಮರ್ಥಿಸಬೇಕಾದಾಗ, ವಿರೋಧಿಸಬೇಕಾದಾಗ ಏಳುತ್ತವೆ.

ಕನ್ನಡಕ್ಕೆ ಈ ಇತಿಹಾಸದೊಡನೆ ಎರಡು ಕಡೆ ನೇರ ಸಂಬಂಧವಿದೆ. ಮೊದಲನೆಯದು ‘ಆಕಾಶವಾಣಿ’. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಈ ಹೆಸರನ್ನು 1950ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೊ ತನ್ನದಾಗಿಸಿಕೊಂಡಿತು. ಪುರಾಣಗಳ ಅಶರೀರವಾಣಿಯಿಂದ ಎತ್ತಿಕೊಂಡ ಈ ಲಕ್ಷ್ಯಾರ್ಥವೂ ಒಂದು ಆಯ್ಕೆ. ಬಿತ್ತನೆಯಲ್ಲಿ ಕಾಣುವ ಕೈಯಿತ್ತು. ಆಕಾಶವಾಣಿಯಲ್ಲಿ ಆಡುವವನು ಕಾಣುವುದಿಲ್ಲ, ಆಡಿದ ಮಾತಿಗೆ ಮೇಲ್ಮನವಿಯೂ ಇಲ್ಲ. ಸರ್ಕಾರದ ಇಲಾಖೆಯಾಗಿ ಬಹುಕಾಲ ನಡೆದ ಪ್ರಸಾರಕ್ಕೆ ಆ ಅರ್ಥಚ್ಛಾಯೆ ಎಷ್ಟು ಅನುಕೂಲವಾಯಿತು ಎಂಬುದನ್ನು ನೀವೇ ಯೋಚಿಸಬಹುದು. ಎರಡನೆಯದು ‘ಬಿತ್ತರಿಸು’. ಸುದ್ದಿಯನ್ನು ಬಿತ್ತರಿಸಿದರು ಎಂದು ಪತ್ರಿಕೆಗಳು ಬರೆಯುವಾಗ ಇದು ‘ಬಿತ್ತು’ವಿನಿಂದ ಬಂದ, ಇಂಗ್ಲಿಷ್ ಪದದ ಅಚ್ಚು ಪಡಿಯಚ್ಚು ಎಂದು ತೋರುತ್ತದೆ. ಹಾಗಲ್ಲ. ಬಿತ್ತರ ಎಂಬುದು ಸಂಸ್ಕೃತದ ‘ವಿಸ್ತರ’ದ ತದ್ಭವ, ವಕಾರ ಬಕಾರವಾಗಿ, ಒತ್ತಕ್ಷರ ದ್ವಿತ್ವವಾಗಿ ಬಂದದ್ದು. ಹಳಗನ್ನಡದಲ್ಲಿ ಬಿತ್ತರಿಸುವುದೆಂದರೆ ವಿವರವಾಗಿ ಹೇಳುವುದು. ಆದರೂ ಇಂದಿನ ಕನ್ನಡಿಗನ ಕಿವಿ ಅದರಲ್ಲಿ ಬಿತ್ತನೆಯನ್ನು ಕೇಳುತ್ತದೆಯಾದರೆ, ವ್ಯುತ್ಪತ್ತಿ ತಪ್ಪೆಂದು ಆ ಅರ್ಥವನ್ನು ತಳ್ಳಿಹಾಕಲಾಗದು. ವಿಶ್ವನಾಥನ ಆಕ್ಷೇಪ ಇಲ್ಲಿಯೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಬೀಜ ಇದ್ದು ಮರೆತುಹೋಯಿತು. ಕನ್ನಡದಲ್ಲಿ ಇಲ್ಲದ ಬೀಜ ಬಳಕೆಯಲ್ಲಿ ಬಂದು ಸೇರಿತು.

ಈ ಸಾಕ್ಷ್ಯಗಳಿಂದ ಹೊರಡುವ ನಿರ್ಣಯ ಸರಳ. ವಾಚ್ಯ ಮೊದಲು, ಲಕ್ಷ್ಯ ಆಮೇಲೆ ಎಂಬ ಕಾಲಕ್ರಮವನ್ನು ಬೆಲೆಯ ಕ್ರಮವೆಂದು ತಿಳಿಯಬಾರದು. ‘ಬ್ರಾಡ್‌ಕಾಸ್ಟ್’ನ ವಾಚ್ಯಾರ್ಥವೇ ಒಂದು ವಾಗ್ವಾದದ ಕೂಸು, ಅದರ ಲಕ್ಷ್ಯಾರ್ಥ ವಿಸ್ತಾರವನ್ನು ಎತ್ತಿಕೊಂಡು ಫಸಲು, ನೆಲ, ಒಡೆತನಗಳನ್ನು ಬಿಟ್ಟಿತು, ಬಿಟ್ಟದ್ದೆಲ್ಲ ಶುಲ್ಕದ ಪ್ರಶ್ನೆಯಾಗಿ, ಶಾಸನವಾಗಿ, ವಿಭಕ್ತಿಯಾಗಿ, ನ್ಯಾಯಾಲಯದ ತೀರ್ಪಾಗಿ ಮರಳಿತು. ಇಂಗ್ಲಿಷ್–ಕನ್ನಡ ನಿಘಂಟು ಮಾಡುವವರಲ್ಲಿಯೂ ಇಂಗ್ಲಿಷ್ ಕಲಿಸುವ ಅಧ್ಯಾಪಕರಲ್ಲಿಯೂ ಆದ್ದರಿಂದ ನನ್ನದೊಂದು ವಿನಂತಿ. ಕ್ರಿಯಾಪದಗಳ ಅರ್ಥಗಳನ್ನು 1, 2, 3 ಎಂದು ಅಂಕಿ ಹಾಕಿ ಪಟ್ಟಿ ಮಾಡುವುದರ ಜೊತೆಗೆ, ಒಂದು ಅರ್ಥದಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಅಂಶ ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ಒಂದು ಸಾಲಿನಲ್ಲಾದರೂ ದಾಖಲಿಸಿ. ‘ಬ್ರಾಡ್‌ಕಾಸ್ಟ್’ಗೆ ಎರಚು, ಪ್ರಸಾರ ಮಾಡು ಎಂಬ ಎರಡು ಅರ್ಥಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಎರಡು ಪದ ಸಿಕ್ಕಿರುತ್ತವೆ, ಅವುಗಳ ನಡುವಿನ ದಾರಿಯನ್ನು ಅರಿತವನಿಗೆ, ತನ್ನೆದುರಿನ ಪರದೆಯಿಂದ ಬರುವ ಮಾತನ್ನು ಯಾರು ಎಸೆದರು, ಯಾರ ನೆಲದ ಮೇಲೆ ಎಸೆದರು, ಅದರ ಫಸಲು ಯಾರಿಗೆ ಎಂದು ಕೇಳುವ ಶಕ್ತಿಯೂ ಸಿಗುತ್ತದೆ. ಭಾಷೆಯ ಅಧ್ಯಯನದಿಂದ ನಾಗರಿಕನಿಗೆ ಆಗಬೇಕಾದ ಲಾಭ ಅದೇ.